ಮಾವ ಬಿಗಿದ ಸ್ಕ್ರೂ

ನಮ್ಮ ಮಾವ ನಲವತ್ತು ವರ್ಷ ಊರವರ ನಲ್ಲಿ ರಿಪೇರಿ ಮಾಡಿದವರು. ಅವರು ಬಿಗಿ ಮಾಡಿದ ನಲ್ಲಿಯಿಂದ ಒಂದು ಹನಿಯೂ ಸೋರುವುದಿಲ್ಲ. ಅವರು ಮುಚ್ಚಿದ ಸಕ್ಕರೆ ಡಬ್ಬಿಯೂ ಅಷ್ಟೇ, ಜಪ್ಪಯ್ಯ ಅಂದರೂ ತೆರೆಯುವುದಿಲ್ಲ.

ಕಳೆದ ವಾರ, ಮನೆಯ ಕಂಪ್ಯೂಟರಿನ ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಫ್ಯಾನ್ ಗುರ್ರೆನ್ನುತ್ತಿದೆ ಎಂದು ತಾವೇ ಹೊಸದನ್ನು ಕೂರಿಸಿದರು. ಅಂದಿನಿಂದ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆಫ್ ಆಗತೊಡಗಿತು.

"ಎಲ್ಲೋ ಸಡಿಲ ಇದೆ," ಎಂದು ಮಾವ ಪ್ರತಿ ಸಲವೂ ಕೂಲರಿನ ನಾಲ್ಕೂ ಸ್ಕ್ರೂಗಳನ್ನು ಇನ್ನಷ್ಟು ಬಿಗಿದರು. ಹತ್ತು ನಿಮಿಷ ಐದಕ್ಕಿಳಿಯಿತು.

"ಅಂಗಡಿಯವರಿಗೆ ತೋರಿಸೋಣ ಮಾವ," ಎಂದೆ.

"ನೀರನ್ನೇ ನಿಲ್ಲಿಸಿದವನಿಗೆ ಇದೇನಮ್ಮ ಮಹಾ?" ಎಂದು ರೇಗಿದರು.

ನಿನ್ನೆ ಅವರು ಸ್ನಾನಕ್ಕೆ ಹೋದದ್ದೇ ತಡ, ಅತ್ತೆ ಡಬ್ಬಿಗಳ ಮುಚ್ಚಳ ಮೀಟುವ ತಮ್ಮ ಸ್ಕ್ರೂಡ್ರೈವರ್ ತಂದರು. ಕಂಪ್ಯೂಟರಿನ ಸ್ವಿಚ್ ಆರಿಸಿ, "ಪಾಪ, ಉಸಿರು ಕಟ್ಟಿದೆ ಇದಕ್ಕೆ," ಎನ್ನುತ್ತ ನಾಲ್ಕೂ ಸ್ಕ್ರೂಗಳನ್ನು ಸ್ವಲ್ಪ ಸಡಿಲಿಸಿದರು. ಸಂಜೆಯವರೆಗೂ ಕಂಪ್ಯೂಟರ್ ತುಟಿ ಪಿಟಕ್ಕೆನ್ನದೆ ಓಡಿತು.

"ನೋಡಿದ್ರಾ, ಬಿಗಿ ಮಾಡಿದ್ದಕ್ಕೆ ಬುದ್ಧಿ ಬಂತು!" ಮಾವ ಮೀಸೆ ತಿರುವಿದರು.

"ಹೌದೌದು, ಎಲ್ಲಾ ನಿಮ್ಮ ಕೈಗುಣ," ಎಂದರು ಅತ್ತೆ.

ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ಅತ್ತೆ ಹಿಂದೆಯೇ ಬಂದರು. "ನಗಬೇಡ ಕಣೇ. ಅವರು ಬಿಗಿ ಮಾಡಿದ್ದನ್ನೆಲ್ಲ ಸದ್ದಿಲ್ಲದೆ ಸಡಿಲ ಮಾಡ್ಕೊಂಡೇ ನಾನು ಸಂಸಾರ ತೂಗಿಸಿದ್ದು," ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು.

ಬೆಳಿಗ್ಗೆ ನನ್ನ ಗಂಡ ಮುಚ್ಚಿಟ್ಟು ಹೋದ ಕಾಫಿಪುಡಿ ಡಬ್ಬಿಯನ್ನು ತೆರೆಯಲು ನನಗಿನ್ನೂ ಆಗಿರಲಿಲ್ಲ.