ಮುಂದಿನ ಹಾಡು ಕೇಳುವ ಕಿವಿ

ನನ್ನ ಎಡಗಿವಿ ಕಟ್ಟಿದ್ದು ನನ್ನದೇ ರೋಸ್‌ನ ಸಂಜೆ.

ರೋಸ್ ಎಂದರೆ ಮಂಗಳೂರಿನ ನಮ್ಮ ಕೆಥೊಲಿಕ್ ಮನೆಗಳಲ್ಲಿ ಮದುವೆಯ ಹಿಂದಿನ ದಿನದ ಶಾಸ್ತ್ರ. ಮದುಮಗನನ್ನು ಕೂರಿಸಿ, ಬಂಧುಗಳೆಲ್ಲ ಸಾಲಾಗಿ ಬಂದು ತಲೆಗೆ ತೆಂಗಿನ ಹಾಲು ಹುಯ್ಯುತ್ತಾರೆ. ಒಂಟಿ ಬಾಳನ್ನು ತೊಳೆದು ಕಳಿಸುವುದು ಅದರ ಅರ್ಥ. ಹಿರಿಯರು ಹಣೆಗೆ ಶಿಲುಬೆಯ ಗುರುತು ಹಾಕಿ ಒಂದಿಷ್ಟು ಹುಯ್ದರೆ, ಗೆಳೆಯರು ಪಾತ್ರೆಯನ್ನೇ ಎತ್ತುತ್ತಾರೆ. ಹಾಲು ಮುಗಿದ ಮೇಲೆ ಮೊಟ್ಟೆ, ಟೊಮೆಟೊ, ಬಿಯರ್. ಡಿಜೆಯಾಗಿ ನಾನು ಊರಿನ ಎಷ್ಟೋ ರೋಸ್‌ಗಳಿಗೆ ಹಾಡು ಹಾಕಿದವನು, ಈ ಗೆಳೆಯರನ್ನು ಮೈಕ್ ಹಿಡಿದು ಹುರಿದುಂಬಿಸಿದವನು. ಆದ್ದರಿಂದ ನನ್ನ ಸರದಿ ಬಂದಾಗ ಯಾರೂ ಕರುಣೆ ತೋರಿಸಲಿಲ್ಲ.

ಸ್ನಾನ ಮಾಡಿ ಹೊರಗೆ ಬಂದಾಗ ಎಡಗಿವಿಯಲ್ಲಿ ಹೊರಗಿನ ಸದ್ದು ಇಲ್ಲವೆನ್ನುವಷ್ಟು ಕಮ್ಮಿ. ಒಳಗೆ ಎಲ್ಲೋ ಹಳೆಯ ಫ್ಯಾನ್ ತಿರುಗಿದಂತೆ ಒಂದು ಮೊರೆತ ಮಾತ್ರ.

ಹಾಲು ಹೋಗಿದೆ ಎಂದರು ಅಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಲೆ ಓರೆ ಮಾಡಿ ಒಂದೇ ಕಾಲಲ್ಲಿ ಕುಣಿದೆ. ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ದುಬೈಯಿಂದ ಬಂದಿದ್ದ ಮಾವ ಹೇರ್ ಡ್ರೈಯರ್ ಹಿಡಿದ. ಮರುದಿನ ಚರ್ಚಿನಲ್ಲಿ ಪಾದ್ರಿ ನನ್ನ ಎಡಗಡೆ ನಿಂತು ಕೇಳಿದ ಪ್ರಶ್ನೆಗೆ, ಮದುಮಗಳು ಪ್ರೀಮಾಳ ಮೊಣಕೈ ತಾಗಿದ ಮೇಲೆ ನಾನು ‘ಹೌದು’ ಎಂದೆ. ಅದಕ್ಕೂ ಎಲ್ಲರೂ ನಕ್ಕರು.

ಹೀಗೆ ಸುಮಾರು ಎರಡು ವಾರ ಹೋಯಿತು. ಮದುವೆಯ ಊಟಗಳು, ನೆಂಟರ ಮನೆಗಳು. ಹೋದಲ್ಲೆಲ್ಲ ಯಾರಾದರೊಬ್ಬರು ತಮ್ಮ ರೋಸ್‌ನಲ್ಲಿ ಕಿವಿಗೆ ಹಾಲು ಹೋದ ಕಥೆ ಹೇಳುತ್ತಿದ್ದರು. ಎಲ್ಲ ಕಥೆಗಳಲ್ಲೂ ಹಾಲು ತಾನಾಗಿಯೇ ಹೊರಗೆ ಬರುತ್ತಿತ್ತು.

ಇಲ್ಲಿ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಮದುವೆ ಮನೆಗಳಲ್ಲಿ ಬೈಲಾ ಕುಣಿತದ ಹಾಡು ಹಾಕುವುದು ನನ್ನ ಅನ್ನ. ನನ್ನ ಪ್ರಾಣ ಇದ್ದದ್ದು ಹಾರ್ಡ್‌ಕೋರ್ ಎಂಬ ಎಲೆಕ್ಟ್ರಾನಿಕ್ ಸಂಗೀತದಲ್ಲಿ. ನಿಮಿಷಕ್ಕೆ ನೂರ ಎಂಬತ್ತು ಬಡಿತ, ಒಡೆದು ಹರಿದ ಕಿಕ್ ಡ್ರಮ್, ಎದೆಗೆ ಒದೆಯುವ ಸದ್ದು. ಮಂಗಳೂರಿನಲ್ಲಿ ಅದನ್ನು ಕೇಳುವವರು ಹತ್ತು ಮಂದಿ ಇಲ್ಲ. ಒಂದು ಮದುವೆಯ ಕೊನೆಯಲ್ಲಿ ಆಸೆ ತಡೆಯದೆ ಹಾಕಿದಾಗ, ಒಬ್ಬ ಅಂಕಲ್ ಹತ್ತಿರ ಬಂದು ಮೆಷಿನ್ ಹಾಳಾಯಿತಾ ಎಂದು ಕಾಳಜಿಯಿಂದಲೇ ವಿಚಾರಿಸಿದ್ದರು. ಆದರೆ ಕುಲಶೇಖರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಮಾಡಿದ ಟ್ರ್ಯಾಕ್‌ಗಳನ್ನು ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ ಮ್ಯೂಸಿಕ್ ಲೇಬಲ್ ಹೊರತರುತ್ತಿತ್ತು. ಅಲ್ಲಿ ಯಾವುದೋ ಗೋದಾಮಿನಲ್ಲಿ ಸಾವಿರ ಮಂದಿ ನನ್ನ ಕಿಕ್‌ಗೆ ಕುಣಿಯುವ ವಿಡಿಯೋ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಅಷ್ಟು ಸಂತೋಷವಾಗಿತ್ತು.

ಡಿಜೆಗೆ ಎರಡು ಕಿವಿಗೂ ಬೇರೆ ಬೇರೆ ಕೆಲಸ. ಬಲಗಿವಿ ಜನರಿಗೆ ಕೇಳುತ್ತಿರುವ ಹಾಡನ್ನು ಕೇಳುತ್ತದೆ. ಎಡಗಿವಿ ಹೆಡ್‌ಫೋನ್‌ನೊಳಗೆ, ಇನ್ನೂ ಯಾರಿಗೂ ಕೇಳದ ಮುಂದಿನ ಹಾಡನ್ನು ಕೇಳಿ ತಾಳ ಕೂಡಿಸುತ್ತದೆ. ನನ್ನದು ಮುಂದಿನ ಹಾಡು ಕೇಳುವ ಕಿವಿ ಕಟ್ಟಿತ್ತು.

ಮದುವೆಯ ಗೌಜಿ ಮುಗಿದು ಮಹಡಿ ಕೋಣೆಗೆ ಹೋಗಿ, ಅರ್ಧ ಮಾಡಿಟ್ಟಿದ್ದ ಟ್ರ್ಯಾಕ್ ಹಾಕಿದೆ. ಲೇಬಲ್‌ನವರು ಕಾಯುತ್ತಿದ್ದದ್ದು ಅದಕ್ಕೇ. ಕಿಕ್ ಎರಡು ಶ್ರುತಿಯಲ್ಲಿ ಕೇಳಿತು. ಬಲಗಿವಿಯಲ್ಲಿ ನಾನು ಇಟ್ಟ ಸ್ವರ, ಎಡಗಿವಿಯಲ್ಲಿ ಮೊರೆತದ ಹಿಂದಿನಿಂದ ಒಂದು ಕೊಳಕು ಸ್ವರ. ಸ್ಪೀಕರ್ ಹಾಳಾಯಿತೆಂದುಕೊಂಡೆ. ತಂತಿ ಬದಲಿಸಿದೆ. ಆಮೇಲೆ ಕೈಯಿಂದ ಎಡಗಿವಿ ಮುಚ್ಚಿದೆ, ಸ್ವರ ಒಂದೇ ಆಯಿತು. ಕೈ ತೆಗೆದೆ, ಎರಡಾಯಿತು.

ಅಂದೇ ಪ್ರೀಮಾಳ ಜೊತೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ಅವರು ಲೈಟ್ ಹಾಕಿ ಕಿವಿಯೊಳಗೆ ನೋಡಿದರು. ಇನ್ನೊಮ್ಮೆ ನೋಡಿದರು.

“ಕಿವಿ ಕ್ಲೀನ್ ಉಂಟು. ಒಳಗೆ ಎಂತದೂ ಇಲ್ಲ.”

ಹಾಲಿರಲಿಲ್ಲ. ಯಾವತ್ತೂ ಇರಲಿಲ್ಲ.

ಕಿವಿಗೆ ಎಷ್ಟು ಕೇಳುತ್ತದೆಂದು ಅಳೆಯುವ ಆಡಿಯೋಗ್ರಾಮ್ ಮಾಡಿಸಿದರು. ಸಡನ್ ಸೆನ್ಸರಿನ್ಯೂರಲ್ ಹಿಯರಿಂಗ್ ಲಾಸ್ ಎಂದರು. ಒಳಗಿವಿಯ ನರದ ಕಡೆಯ ತೊಂದರೆ, ಇದ್ದಕ್ಕಿದ್ದಂತೆ ಬರುತ್ತದೆ, ಬಂದ ಕೂಡಲೇ ಸ್ಟೀರಾಯ್ಡ್ ಕೊಟ್ಟರೆ ಕೆಲವರಿಗೆ ಮರಳುತ್ತದೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದರು. ರೋಸ್‌ನ ಹಾಲು ಎಂದುಕೊಂಡೆವು ಎಂದಳು ಪ್ರೀಮಾ. ಡಾಕ್ಟರೂ ನಮ್ಮ ಊರಿನವರೇ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಚಿಕಿತ್ಸೆ ಶುರುವಾಯಿತು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಕಿವಿಯ ಪರದೆಯ ಮೂಲಕ ಇಂಜೆಕ್ಷನ್. ಮದ್ದು ಗಂಟಲಿಗಿಳಿದು ಕಹಿಯಾಗುತ್ತಿತ್ತು, ಕೋಣೆಯೇ ತಿರುಗುತ್ತಿತ್ತು. ಎಂಆರ್‌ಐ ಮಾಡಿದರು. ಆ ಯಂತ್ರದ ಬಡಿತ ಕೆಟ್ಟದಾಗಿರಲಿಲ್ಲ, ಬೇರೆ ಸಮಯದಲ್ಲಾಗಿದ್ದರೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಗಡ್ಡೆ ಏನೂ ಇರಲಿಲ್ಲ. ಎಡಗಿವಿ ಮರಳಲಿಲ್ಲ.

ಮನೆಯಲ್ಲಿ ಕಾರಣ ಎಲ್ಲರಿಗೂ ಗೊತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದರಂತೆ ಪ್ರೀಮಾಳ ಅಪ್ಪ. ಅಷ್ಟು ದೊಡ್ಡ ಸದ್ದಿನ ಎದುರು ನಿಂತವನ ಕಿವಿ ಉಳಿದೀತೇ? ನನಗೂ ಹಾಗೇ ಅನಿಸಿತ್ತು. ಡಾಕ್ಟರ್ ಮಾತ್ರ ಒಪ್ಪಲಿಲ್ಲ. ಸದ್ದು ಮಾಡುವ ಹಾನಿ ಸಾಮಾನ್ಯವಾಗಿ ಎರಡೂ ಕಿವಿಗೆ, ನಿಧಾನವಾಗಿ ಆಗುತ್ತದೆ. ಇದು ಬೇರೆ. ರಕ್ತ ಪರೀಕ್ಷೆಯಲ್ಲಿ ಅವರಿಗೆ ಹಿಡಿಸದ ಏನೋ ಇತ್ತು. ಮೈಯ ರಕ್ಷಣೆಗೆ ಇರುವ ಶಕ್ತಿಯೇ ಕೆಲವೊಮ್ಮೆ ಒಳಗಿವಿಯನ್ನು ಶತ್ರುವೆಂದು ತಿಳಿದು ತಿನ್ನುತ್ತದೆ ಎಂದು ವಿವರಿಸಿದರು.

“ಹಾಗಾದ್ರೆ ಬಲಗಿವಿ?” ಪ್ರೀಮಾ ಕೇಳಿದಳು.

“ಅದನ್ನೇ ನಾನು ನೋಡ್ತಾ ಇದ್ದೇನೆ.”

ಸುಮ್ಮನೆ ಗದರಿದ್ದರೆ ಸಹಿಸುತ್ತಿದ್ದೆ. ಡಾಕ್ಟರ್ ಅದನ್ನು ತೀರಾ ಮೆತ್ತಗೆ ಹೇಳಿದರು. ಅಂದಿನಿಂದ ನನ್ನ ದಿನಗಳೆಲ್ಲ ಬಲಗಿವಿಯ ಕಾವಲು. ಎದ್ದ ಕೂಡಲೇ ಬೆರಳು ತಿಕ್ಕಿ ಕೇಳುತ್ತಿದ್ದೆ. ಬಾಗಿಲಿನ ಕಿರುಗುಟ್ಟು ನಿನ್ನೆಯಷ್ಟೇ ಇದೆಯೇ ಎಂದು ಎರಡು ಮೂರು ಸಲ ತೆರೆದು ಮುಚ್ಚುತ್ತಿದ್ದೆ. ಅಮ್ಮನಿಗೆ ಸಿಟ್ಟು ಬಂದರೂ ಬಾಯಿ ಬಿಡುತ್ತಿರಲಿಲ್ಲ. ಮೊದಲು, ‘ನಾನು ಹೇಳಿದ್ದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೀ’ ಎಂದು ಬೈಯುತ್ತಿದ್ದರು. ಈಗ ಬಿಡಲು ಇನ್ನೊಂದು ಇಲ್ಲವಲ್ಲ.

ಮೊದಲ ಮರುಪರೀಕ್ಷೆಯಲ್ಲಿ ಬಲಗಿವಿ ನಾರ್ಮಲ್ ಬಂತು. ಪ್ರೀಮಾ ಅಲ್ಲೇ ಕಾರಿಡಾರಿನಲ್ಲಿ ಶಿಲುಬೆಯ ಗುರುತು ಮಾಡಿಕೊಂಡಳು. ಅಮ್ಮ ಪಾಯಸ ಮಾಡಿದರು.

ಆದರೆ ಕುಕ್ಕರಿನ ಸಿಳ್ಳೆ ತೆಳ್ಳಗಾಗಿತ್ತು. ಪ್ರೀಮಾ ಮಾತಾಡುವಾಗ ‘ಸ’ ಬರುವ ಜಾಗದಲ್ಲಿ ಸಣ್ಣ ತೂತುಗಳು. ರಿಪೋರ್ಟ್ ನಾರ್ಮಲ್ ಎಂದಿದೆ, ಇದು ನನ್ನ ಹೆದರಿಕೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ರಿಪೋರ್ಟಿಗಿಂತ ದೊಡ್ಡ ಸಾಕ್ಷಿ ಯಾವುದು?

ಮುಂದಿನ ಪರೀಕ್ಷೆಗೆ ಬೇರೊಬ್ಬ ಆಡಿಯಾಲಜಿಸ್ಟ್ ಇದ್ದರು, ನನಗಿಂತ ಚಿಕ್ಕವರು. ಸದ್ದು ನುಗ್ಗದ ಸಣ್ಣ ಬೂತ್‌ನಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ಬೀಪ್ ಕೇಳಿದಾಗ ಕೈಯಲ್ಲಿರುವ ಬಟನ್ ಒತ್ತಬೇಕು. ಬೀಪ್ ಪ್ರತಿ ಸಲ ಸಣ್ಣದಾಗುತ್ತಾ ಹೋಗುತ್ತದೆ. ನಾನು ಒತ್ತುತ್ತಾ ಹೋದೆ. ಗಾಜಿನ ಆಚೆ ಅವರ ಮುಖದಲ್ಲಿ ಏನೋ ಬದಲಾಯಿತು. ಎದ್ದು ಬಂದು ಬೂತ್‌ನ ಬಾಗಿಲು ತೆರೆದರು.

“ನಾನು ಈಗ ಎಂತದೂ ಕೊಡ್ಲಿಲ್ಲ. ನೀವು ಒತ್ತಿದ್ರಿ.”

ನನಗೆ ಅರ್ಥವಾಗಲಿಲ್ಲ.

“ಕೊನೆಯ ನಾಲ್ಕೂ ಕೊಡ್ಲಿಲ್ಲ. ನೀವು ನಾಲ್ಕೂ ಒತ್ತಿದ್ರಿ. ಅದೂ ಸರಿಯಾದ ಗ್ಯಾಪ್‌ನಲ್ಲಿ. ಎಂತ ಕೆಲಸ ಮಾಡ್ತೀರಿ ನೀವು?”

ಹೇಳಿದೆ. ಅವರು ತಲೆಯಾಡಿಸಿದರು.

ಕಿವಿ ಕೇಳುತ್ತಿರಲಿಲ್ಲ, ಕೈ ಎಣಿಸುತ್ತಿತ್ತು. ಹದಿನೈದು ವರ್ಷ ತಾಳದ ಮೇಲೆ ಬದುಕಿದ ಕೈ. ಬೀಪ್ ಯಾವಾಗ ಬರಬೇಕೆಂದು ಅದಕ್ಕೆ ಗೊತ್ತಿತ್ತು, ಬಾರದಿದ್ದರೂ ಒತ್ತುತ್ತಿತ್ತು. ನಾನು ಮೋಸ ಮಾಡಿರಲಿಲ್ಲ. ನಿಜವಾಗಿ ಕೇಳಿದೆ ಎಂದೇ ನಂಬಿದ್ದೆ, ಅದು ನನ್ನನ್ನು ಇನ್ನೂ ಹೆದರಿಸಿತು. ಹಿಂದಿನ ಆ ನಾರ್ಮಲ್, ನಾವು ಪಾಯಸ ಮಾಡಿ ತಿಂದದ್ದು, ಅದೂ ಕೈಯ ಕೆಲಸವೇ ಇರಬೇಕು.

ಅವರು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದರು. ಈ ಸಲ ಬೀಪ್‌ಗಳ ನಡುವೆ ಯಾವ ಲೆಕ್ಕವೂ ಇರಲಿಲ್ಲ. ಕೆಲವೊಮ್ಮೆ ಎಷ್ಟು ಹೊತ್ತು ಸುಮ್ಮನಿದ್ದರೆಂದರೆ ನನ್ನ ಹೆಬ್ಬೆರಳು ತಾನಾಗಿಯೇ ಒತ್ತಲು ಹೋಯಿತು, ತಡೆದು ಹಿಡಿದುಕೊಂಡೆ. ಹೊರಗೆ ಬಂದಾಗ ಅಂಗಿ ಒದ್ದೆಯಾಗಿತ್ತು. ಗ್ರಾಫ್‌ನಲ್ಲಿ ಬಲಗಿವಿಯ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಅಲ್ಲಿಂದ ಕೆಳಗೆ ಬಿದ್ದಿತ್ತು. ಮೇಲಿನ ಸ್ವರಗಳು ಹೋಗಿದ್ದವು.

ಅಂದೇ ಅಡ್ಮಿಟ್ ಮಾಡಿದರು.

ಡ್ರಿಪ್‌ನಲ್ಲಿ ದೊಡ್ಡ ಡೋಸ್ ಸ್ಟೀರಾಯ್ಡ್ ಹೋಯಿತು. ಮುಖ ಇಡ್ಲಿಯ ಹಾಗೆ ಊದಿತು. ಹಸಿವೆಯೆಂದರೆ ರಾಕ್ಷಸ ಹಸಿವೆ, ಸಿಟ್ಟೆಂದರೆ ಅದಕ್ಕಿಂತ ದೊಡ್ಡದು. ಮದುವೆಯಾಗಿ ಎರಡು ತಿಂಗಳೂ ತುಂಬದ ಹುಡುಗಿಯ ಮೇಲೆ ಚಮಚ ಬಿದ್ದ ಸದ್ದಿಗೆ ಕೂಗಾಡಿದೆ. ಅವಳು ಸ್ಕೂಲ್ ಟೀಚರ್. ಹಟಮಾರಿ ಮಗುವನ್ನು ನೋಡುವಂತೆ ನನ್ನನ್ನು ನೋಡಿ, ಚಮಚ ತೊಳೆದು ತಂದಳು. ಪ್ರೀಮಾ ಇಲ್ಲದಿದ್ದರೆ ನಾನು ಆ ವಾರ್ಡಿನಲ್ಲಿ ಹುಚ್ಚನಾಗುತ್ತಿದ್ದೆ.

ನೋಡಲು ಬಂದವರಲ್ಲಿ ಇಸ್ಮಾಯಿಲ್‌ನ ಭೇಟಿ ಮರೆಯಲಾರೆ. ತೊಕ್ಕೊಟ್ಟಿನಲ್ಲಿ ಅವನದು ಸೌಂಡ್ ಸಿಸ್ಟಮ್ ಬಾಡಿಗೆಯ ಅಂಗಡಿ. ನನ್ನ ಮೊದಲ ಕಾರ್ಯಕ್ರಮಕ್ಕೆ ಸ್ಪೀಕರ್ ಕೊಟ್ಟವನು, ಸಬ್‌ವೂಫರನ್ನು ನೆಲಕ್ಕೆ ಹೇಗೆ ಕೂರಿಸಬೇಕೆಂದು ಕಲಿಸಿದವನು. ಬಂದವನು ನನ್ನ ಬಲಕ್ಕೆ ಕುರ್ಚಿ ಎಳೆದು ಕುಳಿತ. ಬಜಪೆಯ ಒಂದು ಮದುವೆಗೆ ನನ್ನ ಬದಲು ಬೇರೆಯವನನ್ನು ಕಳಿಸಿದ್ದನ್ನು ಹೇಳಿದ. ಆಮೇಲೆ ಪ್ರೀಮಾ ಚಹಾ ತರಲು ಹೋದದ್ದನ್ನು ನೋಡಿ ಬಗ್ಗಿದ.

“ನನ್ನದೂ ಅರ್ಧ ಹೋಗಿದೆ ಮಾರಾಯ. ಯಾವಾಗಲೋ ಹೋಗಿದೆ. ಮನೆಯಲ್ಲಿ ಸಹ ಗೊತ್ತಿಲ್ಲ.”

ಯಾಕೆ ತೋರಿಸಲಿಲ್ಲ ಎಂದು ಕೇಳಿದೆ.

“ಕಿವಿ ಕೇಳದವನ ಹತ್ರ ಸೌಂಡ್ ಯಾರು ತಗೊಳ್ತಾರೆ?”

ಅವನು ಇಷ್ಟು ವರ್ಷ ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಬ್ಯಾರಿ ಮುಸ್ಲಿಮರ ಗತ್ತು ಎಂದು ನಾವು ತಮಾಷೆ ಮಾಡುತ್ತಿದ್ದೆವು. ನನಗೆ ನಾಚಿಕೆಯಾಯಿತು. ಡಿಸ್ಚಾರ್ಜ್ ಆದ ಮೇಲೆ ಅವನನ್ನು ಎಳೆದುಕೊಂಡೇ ಹೋಗಿ ಆಡಿಯೋಗ್ರಾಮ್ ಮಾಡಿಸಿದೆ. ಈಗ ಅವನಿಗೆ ಹಿಯರಿಂಗ್ ಏಡ್ ಇದೆ, ಅಂಗಡಿಗೆ ಗಿರಾಕಿಗಳೂ ಇದ್ದಾರೆ.

ಬಲಗಿವಿಯಲ್ಲಿ ಹೋದದ್ದು ಮರಳಲಿಲ್ಲ. ಆದರೆ ಗೆರೆ ಇನ್ನೂ ಕೆಳಗೆ ಇಳಿಯಲಿಲ್ಲ. ಮೈಯ ಆ ಶಕ್ತಿಯನ್ನು ತಗ್ಗಿಸಲು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತೇನೆ, ಮರುದಿನವಿಡೀ ವಾಕರಿಕೆ. ಆಗಾಗ ರಕ್ತ ಪರೀಕ್ಷೆ, ಮತ್ತೆ ಅದೇ ಬೂತ್. ಇನ್ನು ಗಟ್ಟಿ ಸದ್ದಿನ ಹತ್ತಿರ ಹೋಗುವಂತಿಲ್ಲ. ಮದುವೆ ಮನೆಯ ಡಿಜೆ ಕೆಲಸ ಬಿಟ್ಟೆ. ಬಿಟ್ಟೆ ಎಂದು ಸುಲಭವಾಗಿ ಬರೆದೆ. ಇಸ್ಮಾಯಿಲ್ ಬಂದು ಹಾಡು ಕೂಡಿಸುವ ನನ್ನ ಡೆಕ್‌ಗಳನ್ನು ಕೊಂಡೊಯ್ದ ಮಧ್ಯಾಹ್ನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಇದು ಎಷ್ಟು ದಿನ ಹೀಗೆ ನಿಂತೀತು ಎಂದು ಡಾಕ್ಟರನ್ನು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ.

“ಇವತ್ತು ನಿಂತಿದೆ. ನಾಳೆಯದ್ದು ನಾನು ಹೇಳುದಿಲ್ಲ.”

ಈ ‘ಇವತ್ತು’ ಎಂಬುದನ್ನು ಇಟ್ಟುಕೊಂಡು ಬದುಕುವುದನ್ನು ಕಲಿಯುತ್ತಿದ್ದೇನೆ. ಕೆಲವು ದಿನ ಆಗುತ್ತದೆ. ಕೆಲವು ದಿನ ಫ್ರಿಜ್‌ನ ಸದ್ದು ಸ್ವಲ್ಪ ಬದಲಾದರೂ ಎದ್ದು ಹೋಗಿ ಅದಕ್ಕೆ ಬಲಗಿವಿ ಹಚ್ಚಿ ನಿಲ್ಲುತ್ತೇನೆ.

ಲೇಬಲ್‌ನವರ ಟ್ರ್ಯಾಕ್ ಹಾಗೇ ಉಳಿದಿತ್ತು. ಅವರು ಕಾಯುತ್ತೇವೆ ಎಂದಿದ್ದರು. ಕಳೆದ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಮಹಡಿಗೆ ಹೋಗಿ, ಮಾತಾಡುವಷ್ಟೇ ಮೆತ್ತಗಿನ ಸದ್ದಿನಲ್ಲಿ ಅದನ್ನು ಹಾಕಿದೆ. ಕಿಕ್ ಕೇಳುತ್ತದೆ. ಬಾಸ್ ಕೇಳುತ್ತದೆ. ಅದರ ಮೇಲೆ ಹೈ-ಹ್ಯಾಟ್, ಲೋಹದ ಸದ್ದುಗಳು, ಚೂಪಾದವೆಲ್ಲ ಸ್ಕ್ರೀನಿನ ಮೇಲೆ ಗೆರೆಗಳಾಗಿ ಕುಣಿಯುತ್ತಿವೆ, ನನಗೆ ಕೇಳುವುದಿಲ್ಲ. ಬಹಳ ಹೊತ್ತು ಸ್ಕ್ರೀನ್ ನೋಡುತ್ತಾ ಕುಳಿತೆ. ನನ್ನ ಕೈಗೆ ತಾಳ ಗೊತ್ತಿದೆ, ಊಹೆಯಿಂದ ಮುಗಿಸಿಬಿಡಬಹುದಿತ್ತು. ಆದರೆ ಆ ಕೈಯನ್ನು ನಾನು ಇನ್ನು ನಂಬುವುದಿಲ್ಲ.

ಪ್ರೀಮಾಳನ್ನು ಕರೆದೆ.

ಅವಳು ಚರ್ಚಿನ ಕ್ವಾಯರ್‌ನಲ್ಲಿ ಹಾಡುವವಳು. ಒಂದು ಎಳೆ ಶ್ರುತಿ ತಪ್ಪಿದರೂ ಹುಬ್ಬು ಗಂಟಿಕ್ಕುತ್ತಾಳೆ. ನನ್ನ ಸಂಗೀತವನ್ನು ಮದುವೆಗೆ ಮೊದಲು ಒಮ್ಮೆ ಕೇಳಿ, ಇನ್ನೊಮ್ಮೆ ಕೇಳಿಸಬಾರದೆಂದು ಮಾತು ತೆಗೆದುಕೊಂಡಿದ್ದಳು. ಈಗ ಬಂದು ಹೆಡ್‌ಫೋನ್ ಹಾಕಿ ಕುಳಿತಳು, ಔಷಧಿ ಕುಡಿಯುವ ಮುಖ ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಕೈ ಎತ್ತಿದಳು. ಇಲ್ಲಿ ಚುಚ್ಚುತ್ತದೆ ಎಂದಳು. ನಾನು ಇಳಿಸಿದೆ. ಇನ್ನೂ ಸ್ವಲ್ಪ ಎಂದಳು, ಇನ್ನೂ ಇಳಿಸಿದೆ. ಇಲ್ಲಿ ಬೇಕಾದದ್ದು ಸತ್ತುಹೋಗಿದೆ ಎಂದಳು, ಏರಿಸಿದೆ. ನನಗೆ ಒಂದರಲ್ಲೂ ವ್ಯತ್ಯಾಸ ಕೇಳಲಿಲ್ಲ. ಅಮ್ಮ ಊಟಕ್ಕೆ ಕರೆದದ್ದು ಅವಳಿಗೆ ಕೇಳಿರಬೇಕು, ಆದರೂ ಏಳಲಿಲ್ಲ.

ಕೊನೆಗೆ ಹೆಡ್‌ಫೋನ್ ತೆಗೆದು, ನನ್ನ ಬಲಗಡೆಗೆ ಬಂದು ನಿಂತಳು.

“ಈ ಗಲಾಟೆ ನನಗೆ ಈಗಲೂ ಇಷ್ಟ ಇಲ್ಲ. ಆದ್ರೆ ಈಗ ಸರಿ ಉಂಟು.”

ಆ ಹಾಡಿನ ಮೇಲಿನ ಅರ್ಧದಲ್ಲಿ ಏನಿದೆಯೆಂದು ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತು. ಲೇಬಲ್‌ಗೆ ಕಳಿಸಿದೆ.