ಹೊಸ್ತಿಲ ಮೇಲಿನ ಒಡಪು

ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳುವುದು ನಮ್ಮ ಹೆಂಗಸರಲ್ಲಿ ಇಲ್ಲ; ಪ್ರಾಸ ಹೊಂದಿಸಿ ಒಡಪು ಕಟ್ಟಿ, ಅದರೊಳಗೆ ಇಟ್ಟು ಹೇಳಬೇಕು. ಮಸ್ಕಿಯ ಗುರುಲಿಂಗಮ್ಮ ಅದರಲ್ಲಿ ಎತ್ತಿದ ಕೈ. ಮದುವೆಯಲ್ಲಿ ಬೀಗರ ಹೆಂಗಸರು ಹೊಸ್ತಿಲ ಆಚೆ ಈಚೆ ನಿಂತು ಒಡಪು ಹಾಕಿದರೆ ಗೆಲ್ಲುವವಳು ಅವಳೇ. ತಂಗಿಯ ಮದುವೆಯಲ್ಲೂ ಗೆದ್ದಳು. ಆ ಗೆಲುವಿಗೆ ತಂಗಿ ಇಂದಿಗೂ ಅತ್ತೆಯಿಂದ ಕುಟುಕು ಮಾತು ಕೇಳುತ್ತಿದ್ದಾಳೆ.

ನಿಜಾಮನ ರಾಜ್ಯ ಹೋದ ಮರುವರ್ಷ ಮಗಳು ಸಂಗಮ್ಮನ ಮದುವೆ ಬಂತು. ಗಂಡಿನವರು ಗುರುಗುಂಟಾದವರು. ಹುಡುಗನ ತಾಯಿ ಕಸ್ತೂರೆಮ್ಮನೂ ಒಡಪಿನಲ್ಲಿ ಸೋತವಳಲ್ಲ.

“ಅವ್ವಾ, ಇವತ್ತೊಂದಿನ ಸೋಲಬೇ,” ಸಂಗಮ್ಮ ಸೆರಗು ಜಗ್ಗಿದಳು. “ನಾಳಿಂದ ನಾ ಆಕಿ ಕೈಯಾಗ ರೊಟ್ಟಿ ಉಣ್ಣಾಕಿ.”

ಗುರುಲಿಂಗಮ್ಮ ಹೂಂ ಅಂದಳು. ಆದರೆ ಹೊಸ್ತಿಲಿಗೆ ನಿಂತ ಮೇಲೆ ನಾಲಿಗೆ ಅವಳ ಮಾತು ಕೇಳಬೇಕಲ್ಲ!

“ರಾಶಿ ತೂರಾಕ ಗಾಳಿ ಬೇಕು, ಹೊಲ ಕಾಯಾಕ ಬೇಲಿ ಬೇಕು, ಬಸವಂತರಾಯರ ಸಿಟ್ಟಿಗೆ ನನ್ನ ಗೇಲಿ ಬೇಕು!”

ಅಂಗಳವೆಲ್ಲ ನಕ್ಕಿತು. ಈಗ ಕಸ್ತೂರೆಮ್ಮನ ಸರದಿ. ಗಂಡನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಒಡಪು ಇನ್ನೂ ಕೂಡಿರಲಿಲ್ಲ. ಅಷ್ಟರಲ್ಲಿ ಅವಳ ಗಂಡನೇ ಪಂಕ್ತಿಯಿಂದ ಕೂಗಿದ: “ಮುಗೀತೇನಬೇ? ಹೊಟ್ಟಿ ಚುರುಗುಟ್ಟಾಕತ್ತೈತಿ!”

“ಅಮರಗುಂಡಪ್ಪಾ, ಸುಮ್ಕಿರು!” ಎಂದುಬಿಟ್ಟಳು ಕಸ್ತೂರೆಮ್ಮ.

ಬರಿ ಹೆಸರು! ಅದೂ ಏಕವಚನದಲ್ಲಿ, ನೆರೆದವರೆಲ್ಲರ ಮುಂದೆ.

“ಅಯ್ಯಯ್ಯ, ಬೀಗತಿ ಸೋತಳು! ಗಂಡನ್ನ ಎತ್ತು ಕರದಂಗ ಕರದಳು!” ಹೆಂಗಸರು ಕೇಕೆ ಹಾಕಿದರು. ಕಸ್ತೂರೆಮ್ಮ ನಾಲಿಗೆ ಕಚ್ಚಿಕೊಂಡಳು. ಕಣ್ಣು ತುಂಬಿ ಬಂತು. ಸಂಗಮ್ಮನ ಮುಖ ಬಿಳಿಚಿತು.

“ಯಾಕ್ರಬೇ ನಗ್ತೀರಿ?” ಗುರುಲಿಂಗಮ್ಮ ಗದರಿದಳು. “ಬೀಗತಿ ಒಡಪಿನ ಬಾಲ ಮೊದಲ ಹೇಳ್ಯಾರ. ತಲಿ ನಾ ಹೇಳ್ತೀನಿ, ಕೇಳ್ರಿ. ಬೀಗರು ಎಲಿ ಹಾಸೋತನಕ ತಾಳಿರು, ಹುಗ್ಗಿಗೆ ತುಪ್ಪ ಬೀಳೋತನಕ ಕಾದಿರು…”

ಕಸ್ತೂರೆಮ್ಮ ಅವಳ ಮುಖವನ್ನೇ ತುಸು ನೋಡಿದಳು. ಆಮೇಲೆ ಗಂಟಲು ಬಿಟ್ಟು ಕೂಗಿದಳು:

“ಅಮರಗುಂಡಪ್ಪಾ, ಸುಮ್ಕಿರು!”

ಗೆದ್ದವರು ಯಾರು ಅಂತ ಹೆಂಗಸರಲ್ಲಿ ಜಗಳವೇ ಹತ್ತಿತು. ಊಟಕ್ಕೆ ಕೂತಾಗ ಕಸ್ತೂರೆಮ್ಮ ಮೆಲ್ಲಗೆ ಅಂದಳು: “ಸೋತೀನಿ ಅಂತ ನನಗ ಗೊತ್ತೈತ್ರಿ. ಆದ್ರ ಗುರುಗುಂಟಾದಾಗ ಗೆದ್ದೀನಂತನ ಹೇಳಾಕಿ.”

“ಹೇಳ್ರಿ ಬೀಗತಿ. ಮಸ್ಕಿಯಾಗ ನಾನೂ ಹಂಗ ಹೇಳಾಕಿ.”

ಇಬ್ಬರ ನಡುವೆ ಕೂತಿದ್ದ ಸಂಗಮ್ಮ ಇನ್ನೊಂದಿಷ್ಟು ಹುಗ್ಗಿ ಬಡಿಸಲು ಹೇಳಿದಳು.