ಆಮೆಯ ಮೆಟ್ಟಿಲು

ಬೆಳಿಗ್ಗೆಯಿಂದ ಒಂದು ದೊಡ್ಡ ಹಾಳೆಯ ಮುಂದೆ ಕುಳಿತಿದ್ದೇನೆ. ದಸರಾ ಸೂಟಿ ಹತ್ತಿರ ಬಂತಲ್ಲ, ಈ ಅವಧಿಯಲ್ಲಿ ಮಕ್ಕಳು ಏನೇನು ಕಲಿತರು ಎಂದು ತುಂಬಿಸಿ ಕೊಡಬೇಕು. ಈಗಷ್ಟೇ ಝೆರಾಕ್ಸ್ ಅಂಗಡಿಯಿಂದ ತಂದದ್ದು, ಮಸಿಯ ವಾಸನೆ ಇನ್ನೂ ಹೋಗಿಲ್ಲ. ಕನ್ನಡ, ಗಣಿತ, ಪರಿಸರ, ಹಾಡು, ಕೈಕೆಲಸ ಎಂದು ಸಾಲು ಸಾಲಾಗಿ ಮನೆಗಳು. ‘ಮಗುವು ತನ್ನ ಸುತ್ತಲಿನ ಜಲಮೂಲಗಳನ್ನು ಗುರುತಿಸುತ್ತದೆ.’ ‘ಮಗುವು ನೆರೆಹೊರೆಯವರೊಂದಿಗೆ ಸೌಹಾರ್ದದಿಂದ ವರ್ತಿಸುತ್ತದೆ.’ ನೀವೇ ಹೇಳಿ, ಈ ಎರಡನೆಯದರಲ್ಲಿ ದೊಡ್ಡವರು ಎಷ್ಟು ಜನ ಪಾಸಾದಾರು? ಪಕ್ಕದ ಮನೆಯವರ ನೀರಿನ ಪೈಪಿನ ವಿಷಯದಲ್ಲಿ ನಾನಂತೂ ಎರಡು ವರ್ಷದಿಂದ ಬಿಡದೆ ಫೇಲಾಗುತ್ತಿದ್ದೇನೆ.

ಜಲಮೂಲದ ವಿಷಯ ಓದಿದಾಗಲೆಲ್ಲ ನನಗೆ ಆ ಊರು ನೆನಪಾಗುತ್ತದೆ. ಸೇಡಂಗೆ ಬರುವ ಮುಂಚೆ ನಾನಿದ್ದದ್ದು ಅಲ್ಲಿ. ದಂಡೋತಿ ದಾಟಿ, ಕಾಗಿಣಾ ನದಿಯ ಬದಿ ಹಿಡಿದು ಹೋದರೆ ಸಿಗುವ ಸಣ್ಣ ಹಳ್ಳಿ. ಅಲ್ಲಿನ ಮಕ್ಕಳು ಕಾಗಿಣಾವನ್ನು ಗುರುತಿಸುವ ಪ್ರಶ್ನೆಯೇ ಇರಲಿಲ್ಲ. ಮಳೆಗಾಲ ಬಂತೆಂದರೆ ಕಾಗಿಣಾನೇ ಶಾಲೆಯ ಮೆಟ್ಟಿಲ ತನಕ ಬಂದು ಮಕ್ಕಳನ್ನು ಗುರುತಿಸಿ ಹೋಗುತ್ತಿತ್ತು. ಎರಡು ಕೋಣೆ, ಶಹಾಬಾದ ಕಲ್ಲಿನ ನೆಲ, ಪಕ್ಕದಲ್ಲಿ ಬಿಸಿಯೂಟದ ಅಡುಗೆ ಕೋಣೆ. ಆ ಬಿಸಿಲಿನಲ್ಲಿ ಆ ನೆಲದ ತಂಪಿನ ಮೇಲೆ ಕೂತರೆ ಮಕ್ಕಳಿಗಿಂತ ಮೊದಲು ನನಗೇ ತೂಕಡಿಕೆ ಬರುತ್ತಿತ್ತು. ಇದನ್ನು ಯಾವ ಹಾಳೆಯಲ್ಲೂ ತುಂಬಿಸಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಆಗಷ್ಟೇ ನಾನು ಹೊಸ ಪದ್ಧತಿಯ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಮಕ್ಕಳು ಆಡುತ್ತ, ತಮ್ಮ ತಮ್ಮ ವೇಗದಲ್ಲಿ ಕಲಿಯಬೇಕು. ಗೋಡೆಯ ಮೇಲೆ ಒಂದು ಏಣಿಯ ಚಿತ್ರ. ಪ್ರತಿ ಮೆಟ್ಟಿಲಿಗೆ ಒಂದು ಪ್ರಾಣಿ: ಮೊದಲು ಮೊಲ, ಆಮೇಲೆ ಆಮೆ, ಕುದುರೆ, ಒಂಟೆ, ಹೀಗೆ ಮೇಲಕ್ಕೆ ಆನೆಯವರೆಗೆ. ಆಮೆ ಎಂದರೆ ಕಾಗುಣಿತ, ಕುದುರೆ ಎಂದರೆ ಒತ್ತಕ್ಷರ. ಒಂದೊಂದು ಪ್ರಾಣಿಗೂ ಒಂದೊಂದು ಬುಟ್ಟಿ ಕಾರ್ಡು. ಬುಟ್ಟಿ ಮುಗಿಸಿದ ಮಗುವಿನ ಹೆಸರಿನ ಚೀಟಿಯನ್ನು ಮೇಲಿನ ಮೆಟ್ಟಿಲಿಗೆ ಚುಚ್ಚಬೇಕು. “ಇದು ಸ್ಪರ್ಧೆ ಅಲ್ಲ, ಯಾರೂ ಮುಂದೆ ಇಲ್ಲ, ಯಾರೂ ಹಿಂದೆ ಇಲ್ಲ” ಎಂದು ಮೊದಲ ಪಾಲಕರ ಸಭೆಯಲ್ಲಿ ಅರ್ಧ ತಾಸು ಭಾಷಣ ಮಾಡಿದೆ. ಎಲ್ಲರೂ ಬಾಯಿ ತೆರೆದು ಕೇಳಿದರು. ನನಗೆ ನನ್ನ ಮೇಲೇ ಭಾರೀ ಹೆಮ್ಮೆಯಾಯಿತು.

ಹದಿನೈದು ದಿನಕ್ಕೆಲ್ಲ ಊರಲ್ಲಿ ಬೇರೆ ಮಾತೇ ಇಲ್ಲ. ಚಹಾದ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ನೋಡಿದರೂ ಯಾರ ಮಗು ಯಾವ ಪ್ರಾಣಿಯ ಮೇಲೆ ಎಂಬುದೇ ಚರ್ಚೆ. ಒಬ್ಬ ತಂದೆ ಹೊಲಕ್ಕೆ ಹೋಗುವ ದಾರಿಯಲ್ಲಿ ಕಿಟಕಿಯಿಂದ ತಲೆ ಹಾಕಿ, “ಟೀಚರ್, ನಮ್ಮ ಹುಡುಗಗ ಮೊಲ ಬ್ಯಾಡರಿ. ಮನ್ಯಾಗ ಎಮ್ಮಿ ಅದ, ಎಮ್ಮಿ ಮ್ಯಾಲರೆ ಕುಂದ್ರಸ್ರಿ, ರೂಢಿ ಅದ ಅವಗ” ಎಂದ. ಇನ್ನೊಬ್ಬ ಮಹಾಶಯ ಮಗ ಕುದುರೆ ಮುಟ್ಟಿದ ದಿನ ಶಾಲೆಗೆಲ್ಲ ಪೇಢೆ ಹಂಚಿದ. ಸ್ಪರ್ಧೆ ಅಲ್ಲ ಎಂದು ಅವನಿಗೂ ಹೇಳಿದೆ, ಆದರೆ ನನ್ನ ಬಾಯಲ್ಲಿ ಪೇಢೆ ಇತ್ತು, ಸ್ಪಷ್ಟ ಕೇಳಿಸಿರಲಿಕ್ಕಿಲ್ಲ.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ಚಂದಮ್ಮ. ನಮ್ಮ ಬಿಸಿಯೂಟದ ಅಡುಗೆಯವರು. ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಮಗ ವೀರಭದ್ರ ವಾಡಿಯಲ್ಲಿ ಲಾರಿ ಓಡಿಸುತ್ತ ಅಲ್ಲೇ ಹೆಂಡತಿ, ಕೈಕೂಸಿನ ಜೊತೆ ಇದ್ದ. ಮೊಮ್ಮಗಳು ಅಂಬಿಕಾ ಮಾತ್ರ ಅಜ್ಜಿಯ ಹತ್ತಿರ, ನನ್ನ ಎರಡನೇ ತರಗತಿಯಲ್ಲಿ. ಆ ಅಂಬಿಕಾ ಆಮೆಯ ಮೇಲೆ ಕುಳಿತವಳು ಏಳಲೇ ಇಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು, ಜೊತೆಯವರೆಲ್ಲ ಕುದುರೆ ಹತ್ತಿ ಹೋದರು. ಇವಳಿಗೆ ‘ದೋಣಿ’ ಎಂಬ ಕಾರ್ಡು ಹಿಡಿದರೆ, ಅಕ್ಷರ ನೋಡದೆ ಚಿತ್ರ ನೋಡಿ, ಬಹಳ ಹೊತ್ತು ಯೋಚಿಸಿ, “ಹರಗೋಲು” ಎನ್ನುವಳು. ‘ಚಿತ್ರ ನೋಡಿ ಊಹಿಸುತ್ತಾಳೆ, ಗಮನ ಕಡಿಮೆ’ ಎಂದು ಬರೆದಿಟ್ಟೆ. ಹಿಂದುಳಿದ ಮಕ್ಕಳು ಕಾರ್ಡುಗಳನ್ನು ಮನೆಗೆ ಒಯ್ದು ರೂಢಿ ಮಾಡಬಹುದು ಎಂಬ ನಿಯಮವನ್ನು ನಾನೇ ಮಾಡಿದ್ದೆ. ಅಂಬಿಕಾ ದಿನಾ ತಪ್ಪದೆ ಒಯ್ಯುತ್ತಿದ್ದಳು. ಪಾಪ, ಎಷ್ಟು ಕಷ್ಟಪಡುತ್ತದೆ ಕೂಸು ಎಂದು ಮರುಗಿದ್ದೂ ಉಂಟು.

ಚಂದಮ್ಮನ ಸಿಟ್ಟು ನನ್ನ ತಟ್ಟೆಯಲ್ಲಿ ಕಾಣುತ್ತಿತ್ತು. ಜುಲೈನಲ್ಲಿ ತೊಗರಿ ಬೇಳೆಯ ಸಾರು ಗಟ್ಟಿಯಾಗಿತ್ತು. ಆಗಸ್ಟಿನಲ್ಲಿ ಮಕ್ಕಳಿಗೆ ಮೊದಲಿನಂತೆಯೇ ಗಟ್ಟಿ ಸಾರು, ನನಗೆ ಮಾತ್ರ ಮೇಲಿನ ತಿಳಿ. ಸೆಪ್ಟೆಂಬರಿನಲ್ಲಿ ಒಂದು ದಿನ ತಿಳಿಯೂ ಇಲ್ಲದೆ ಇಡೀ ಹಸಿಮೆಣಸಿನಕಾಯಿ ಒಂದೇ ಬಂತು. ಅಂದು ಸೌಟು ಹಿಡಿದುಕೊಂಡೇ ಎದುರಿಗೆ ನಿಂತರು.

“ಏನ್ರಿ ಟೀಚರ್, ನಮ್ಮ ಹುಡಗಿಗಿ ಇನ್ನಾ ಎಷ್ಟ್ ದಿನ ಆಮಿ ಮ್ಯಾಲ ಕುಂದ್ರಸ್ತೀರಿ? ಆಕಿ ಜೋಡಿ ಬಂದವೆಲ್ಲ ಕುದುರಿ ಏರಿ ಹೋದವು.”

“ಚಂದಮ್ಮ, ಇದು ಸ್ಪರ್ಧೆ ಅಲ್ಲ...”

“ಅದೆಲ್ಲ ನನಗ ಹೇಳಬ್ಯಾಡ್ರಿ. ಹೋದ ಶನಿವಾರ ನಮ್ಮ ವೀರಭದ್ರ ಬಂದಿದ್ನರಿ. ಗ್ವಾಡಿ ಮ್ಯಾಗಿನ ಆಮಿ ನೋಡಿ ಹೋಗ್ಯಾನ. ದಸರಾದ ಸಭಾಕ್ಕ ಬರ್ತೀನಿ, ಅವತ್ತಿಗೂ ಆಮಿ ಮ್ಯಾಲೇ ಇದ್ಲಂದ್ರ ವಾಡಿಗಿ ಒಯ್ದು ಇಂಗ್ಲಿಷ್ ಸಾಲಿಗಿ ಹಾಕ್ತೀನಿ ಅಂದಾನ.” ಸೌಟು ಕೆಳಗಿಳಿಯಿತು. ದನಿಯೂ ಇಳಿಯಿತು. “ಆಕಿ ಹೋದಳಂದ್ರ ನಾ ಮನ್ಯಾಗ ಯಾರ್ ಜೋಡಿ ಮಾತಾಡ್ಲಿರಿ? ರೊಟ್ಟಿ ಯಾರ್ ಸಲುವಾಗಿ ಬಡೀಲಿ?”

ಆ ದಿನದಿಂದ ಸಾರಿನ ಚಿಂತೆ ಬಿಟ್ಟು ನಿಜವಾದ ಚಿಂತೆ ಹತ್ತಿತು. ಅಂಬಿಕಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ವಾರ ತಿಣುಕಿದೆ. ದೋಣಿ ಹರಗೋಲಾಗಿಯೇ ಉಳಿಯಿತು. ಆದರೆ ಒಂದು ಮಧ್ಯಾಹ್ನ ಶಾಲೆಯ ಮುಂದೆ ಬಸ್ಸು ಬಂದು ನಿಂತಾಗ, ಹಿಂದಿನಿಂದ ಯಾರೋ ಬೋರ್ಡು ಓದಿದ್ದು ಕೇಳಿಸಿತು: “ಚಿತ್ತಾಪುರ, ತೆಂಗಳಿ, ಚಿಂಚೋಳಿ.” ತಿರುಗಿ ನೋಡಿದರೆ ಅಂಬಿಕಾ. ಅಯ್ಯೋ! ತಕಾರದ ಒತ್ತು ಇವಳಿಗೆ ಎಲ್ಲಿಂದ ಬಂತು? ಒತ್ತಕ್ಷರ ಕುದುರೆಯ ಪಾಠವಲ್ಲವೇ? ನಾನು ನೋಡಿದ್ದೇ ತಡ, ಹುಡುಗಿ ನಾಲಿಗೆ ಕಚ್ಚಿಕೊಂಡು ಓಡಿಹೋಯಿತು.

ಸಭೆಯ ಹಿಂದಿನ ದಿನ ಆಮೆಯ ಬುಟ್ಟಿ ಎಣಿಸಲು ಕೂತೆ. ಕಾರ್ಡುಗಳ ಮೂಲೆಯಲ್ಲೆಲ್ಲ ಅರಿಶಿಣದ ಬೆರಳ ಗುರುತು. ಬೆರಳು ದೊಡ್ಡವರದು. ನಾಲ್ಕು ಗಂಟೆ ಆಗಿತ್ತು, ಮಕ್ಕಳೆಲ್ಲ ಹೋಗಿದ್ದರು, ಅಡುಗೆ ಕೋಣೆಯಿಂದ ಮಾತ್ರ ದನಿ ಬರುತ್ತಿತ್ತು. ಕಿಟಕಿಯಲ್ಲಿ ಇಣುಕಿದೆ.

ತೊಳೆದ ಪಾತ್ರೆಗಳ ನಡುವೆ ಚಂದಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದುರಿಗೆ ಅಂಬಿಕಾ. ಟವೆಲ್ಲನ್ನು ಸೆರಗಿನಂತೆ ಹೊದ್ದು, ಅದನ್ನು ಎರಡು ಮಾತಿಗೊಮ್ಮೆ ಹೆಗಲಿಗೆ ಎಳೆದುಕೊಳ್ಳುತ್ತ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಳ್ಳುತ್ತ, “ಜಾಣ ಮರಿ, ಇನ್ನೊಮ್ಮೆ ಹೇಳು. ತಪ್ಪಾದ್ರೆ ಚಿಂತೆ ಇಲ್ಲ. ಇದು ಸ್ಪರ್ಧೆ ಅಲ್ಲ” ಎನ್ನುತ್ತಿದ್ದಳು. ನಾನು ಅಷ್ಟು ಸಲ ಸೆರಗು ಎಳೆಯುತ್ತೇನೆಂದು ಅಂದೇ ನನಗೆ ಗೊತ್ತಾದದ್ದು. ಚಂದಮ್ಮ ಕಾರ್ಡನ್ನು ದೂರ ಹಿಡಿದು, ಹತ್ತಿರ ತಂದು, ಬೆವರು ಒರೆಸಿಕೊಂಡು ಹೇಳಿದರು: “ಹರಗೋಲು.”

“ಚಿತ್ರ ನೋಡಬ್ಯಾಡ ಆಯಿ, ಅಕ್ಷರ ನೋಡು!”

“ನದ್ಯಾಗ ಇದ್ದದ್ದು ಹರಗೋಲೇ ಅಲ್ಲೇನವ್ವ? ಬರದವರದೇ ತಪ್ಪ.”

ಕಿಟಕಿಯಿಂದ ಹಿಂದೆ ಸರಿದೆ. ಈಗ ಎಲ್ಲ ತಿಳಿಯಿತು. ಕುದುರೆ ಹತ್ತಿದರೆ ಆಮೆಯ ಕಾರ್ಡು ಮನೆಗೆ ಒಯ್ಯಲು ಸಿಗುವುದಿಲ್ಲ. ಅಜ್ಜಿಗೆ ಇನ್ನೂ ಆಮೆ ಮುಗಿದಿಲ್ಲ. ಅದಕ್ಕೇ ಈ ಹುಡುಗಿ ಎರಡು ತಿಂಗಳಿಂದ ಬೇಕೆಂದೇ ತಪ್ಪು ಓದುತ್ತ ಅಜ್ಜಿಗಾಗಿ ಕಾಯುತ್ತಿದ್ದಾಳೆ. ಅಜ್ಜಿಗೋ ಇದರ ಸುಳಿವೇ ಇಲ್ಲ, ಆಮೆಯ ಸಿಟ್ಟನ್ನು ನನ್ನ ಸಾರಿನ ಮೇಲೆ ತೀರಿಸುತ್ತಿದ್ದಾರೆ. ನಗು ಬಂತು. ಆಮೇಲೆ ನಾಳೆ ಬರುವ ವೀರಭದ್ರ ನೆನಪಾದ.

ಮರುದಿನ ಬೇಗ ಬಂದು ಯಾರಿಗೂ ಹೇಳದೆ ಅಂಬಿಕಾಳ ಚೀಟಿಯನ್ನು ಕುದುರೆಗೆ ಚುಚ್ಚಿದೆ. ದೊಡ್ಡ ಉಪಾಯ ಮಾಡಿದೆ ಎಂದುಕೊಂಡು ಜಮಖಾನೆ ಹಾಸಲು ಹೋದೆ. ಸಭೆ ಸೇರಿತು. ವೀರಭದ್ರ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆಯೇ ಕೂತ. ಏಣಿಯ ಕಡೆ ಕೈ ಮಾಡಿ, “ನೋಡ್ರಿ ಟೀಚರ್, ಇನ್ನಾ ಅಲ್ಲೇ ಅದಾಳ” ಎಂದ. ನೋಡುತ್ತೇನೆ, ಚೀಟಿ ಮತ್ತೆ ಆಮೆಯ ಮೇಲೆ! ಮೂಲೆಯಲ್ಲಿ ಅಂಬಿಕಾ ನೆಲ ನೋಡುತ್ತ ನಿಂತಿದ್ದಳು. ಕುರ್ಚಿ ಹತ್ತಿ ತಾನೇ ತೆಗೆದು ಕೆಳಗೆ ಚುಚ್ಚಿದ್ದಳು.

“ಹೋಗ್ಲಿ, ಒಂದ್ ಓದಿ ತೋರಸವ್ವ” ಎಂದು ತಂದೆ ತಾನೇ ಬುಟ್ಟಿಯಿಂದ ಒಂದು ಕಾರ್ಡು ಎತ್ತಿ ಹಿಡಿದ. ಬೇರೆ ಸಿಗಬಾರದಿತ್ತೇ? ಅದೇ ದೋಣಿ. ಅಂಬಿಕಾ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತ ಅಜ್ಜಿಯನ್ನೊಮ್ಮೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. “ಹರಗೋಲು” ಎಂದಳು.

ಜನ ನಕ್ಕರು. ವೀರಭದ್ರ ಕಾರ್ಡನ್ನು ಬುಟ್ಟಿಗೆ ಒಗೆದು, “ಸಾಕ್ರಿ. ನಾಳಿ ಮುಂಜಾನಿ ಕರ್ಕೊಂಡು ಹೋಗ್ತೀನಿ” ಎಂದು ಎದ್ದ. ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಹೇಳಿದರೆ ಊರ ಮುಂದೆ ಚಂದಮ್ಮನ ಮಾನ ಹೋಗುತ್ತದೆ, ಹೇಳದಿದ್ದರೆ ಮೊಮ್ಮಗಳು ಹೋಗುತ್ತಾಳೆ. ಮೂವತ್ತು ದಿನದ ತರಬೇತಿಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಅಷ್ಟರಲ್ಲಿ ಬಾಗಿಲಿಂದ, “ತಡಿ ವೀರಭದ್ರ” ಎಂಬ ದನಿ ಕೇಳಿತು. ಚಂದಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ನಿಂತರು. ಮುಖ ಕೆಂಪಾಗಿತ್ತು. ಮೊಮ್ಮಗಳನ್ನು ದಿಟ್ಟಿಸಿ ನೋಡಿದರು.

“ಹರಗೋಲು ಅಂದದ್ದು ಆಕಿ ತಪ್ಪಲ್ಲ. ಅದು ನನ್ನ ತಪ್ಪ. ನಿನ್ನಿ ಸಂಜಿಮುಂದ ನಾನ ಹಂಗಂದಿದ್ದೆ, ಆಕಿನೇ ನನಗ ತಿದ್ದಿದ್ಲು.” ಮಗನ ಕಡೆ ತಿರುಗಿದರು. “ದಿನಾ ಆಕಿ ಕಡಿಂದ ಕಲೀಲಿಕತ್ತೀನಿ. ಆಮಿ ಮ್ಯಾಲ ಕುಂತಾಕಿ ನಾನು. ಆಕಿಗಿ ಇಳಸ್ರಿ ಟೀಚರ್.”

ಯಾರೂ ನಗಲಿಲ್ಲ. ವೀರಭದ್ರ ತಾಯಿಯ ಹತ್ತಿರ ಬಂದ.

“ಯವ್ವಾ, ನೀ ಓದಾಕತ್ತೀಯೇನು?”

“ಹೂಂ. ಯಾಕ, ಕಳುವು ಮಾಡೀನೇನು?”

“ಹಂಗಾದ್ರ ನನ್ನ ಹೆಸರು ಬರಿ ನೋಡಮ್.”

“ನಿನ್ನ ಹೆಸರಿನ್ಯಾಗ ಒತ್ತು ಅದ, ಕುದುರಿ ಮ್ಯಾಲ ಬರ್ತದ. ಹಡದಾಗ ಇದೆಲ್ಲ ಗೊತ್ತಿದ್ರ ಒತ್ತಿಲ್ಲದ ಸಸಾರ ಹೆಸರು ಇಡತಿದ್ದೆ.”

ಈಗ ಊರಿಗೂರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ವೀರಭದ್ರ, ಕಣ್ಣು ಒರೆಸಿಕೊಂಡವನೂ ಅವನೇ. ಆಮೇಲೆ ಅಂಬಿಕಾಗೆ ಕಾರ್ಡು ಕೊಟ್ಟೆ. ಆಮೆ, ಕುದುರೆ, ಒಂಟೆ ಎಲ್ಲ ಬುಟ್ಟಿಯನ್ನೂ ನಿಲ್ಲದೆ ಓದಿದಳು, ಉಳಿದ ಪಾಲಕರು ಸಾಕು ಸಾಕು ಎನ್ನುವ ತನಕ. ವೀರಭದ್ರ ಮರುದಿನ ಒಬ್ಬನೇ ವಾಡಿಗೆ ಹೋದ. ನಾನು ಆಮೆಯ ಮೆಟ್ಟಿಲಿಗೆ ‘ಚಂದಮ್ಮ’ ಎಂಬ ಹೊಸ ಚೀಟಿ ಚುಚ್ಚಿದೆ. ಅಂದು ನನ್ನ ತಟ್ಟೆಗೆ ಬಿದ್ದ ಬೇಳೆಯಲ್ಲಿ ಚಮಚ ನಿಲ್ಲುವಂತಿತ್ತು.

ಎರಡು ವರ್ಷದಲ್ಲಿ ಆ ಚೀಟಿ ಒಂಟೆ ದಾಟಿತ್ತು. ಅಷ್ಟರಲ್ಲಿ ನನಗೆ ವರ್ಗವಾಯಿತು. ಎಲ್ಲ ಮಕ್ಕಳ ಪ್ರಗತಿ ಬರೆದಿಟ್ಟು ಅವಸರದಲ್ಲಿ ಸೇಡಂಗೆ ಬಂದುಬಿಟ್ಟೆ. ಚಂದಮ್ಮನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ, ಹಾಗಾಗಿ ಅವರದು ಬರೆಯಲಿಲ್ಲ.

ಕಳೆದ ವಾರ ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕೂದಲು ಪೂರಾ ಬೆಳ್ಳಗಾಗಿದೆ. ಅಂಬಿಕಾ ಹೈಸ್ಕೂಲಿನಲ್ಲಿದ್ದಾಳಂತೆ, ಈಗಲೂ ಅಜ್ಜಿಯ ಹತ್ತಿರವೇ. ಸುಖದುಃಖ ಮಾತಾಡಿದ ಮೇಲೆ ಸೆರಗಿನ ಅಂಚು ಹಿಡಿದುಕೊಂಡು ಕೇಳಿದರು: “ಟೀಚರ್, ಎಲ್ಲಾ ಹುಡುಗರದೂ ಪಾಸು ಫೇಲು ಬರದು ಹೋದ್ರಿ. ನಂದೇನಾತು?”

“ಅಯ್ಯೋ, ನೀವು ಯಾವಾಗೋ ಪಾಸು ಚಂದಮ್ಮ” ಎಂದು ನಕ್ಕೆ.

ಅವರು ನಗಲಿಲ್ಲ. “ಬಾಯಿಲೆ ಹೇಳಬ್ಯಾಡ್ರಿ. ಬರದು ಕೊಡ್ರಿ, ನಾ ಓದ್ಕೋತೀನಿ.”

ಸೇಡಂ ಬಸ್ಸು ಬಂತು, ಅಂಚೆಯಲ್ಲಿ ಕಳಿಸುತ್ತೇನೆ ಎಂದು ಹತ್ತಿದೆ. ಇವತ್ತು ದೊಡ್ಡ ಹಾಳೆಯನ್ನು ಬದಿಗಿಟ್ಟು ಅದನ್ನೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ತಲೆ ಎತ್ತದೆ ‘ತೃಪ್ತಿಕರ’ ಎಂದು ಗೀಚಿದವಳು ನಾನು. ಆ ಮಕ್ಕಳು ಯಾರೂ ಅದನ್ನು ಓದಲಿಲ್ಲ, ಇವರು ಓದುತ್ತಾರೆ. ನಾಲ್ಕು ಚೀಟಿ ಹರಿದು ಹಾಕಿದ ಮೇಲೆ ಐದನೆಯದರಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಬರೆದೆ: ‘ಚಂದಮ್ಮ, ಅವತ್ತು ಸಭೆಯಲ್ಲಿ ಎಲ್ಲರ ಮುಂದೆ ಎದ್ದು ಬಂದಿರಲ್ಲ, ಅವತ್ತೇ ನೀವು ಪಾಸು. ನಾನು ಮಾತ್ರ ಬಾಯಿ ತೆರೆದು ಸುಮ್ಮನೆ ನಿಂತಿದ್ದೆ.’